ಡ್ರೈವರ್ ದೇವರಾಜು ರೈಲು ಹತ್ತಿದ್ದು

ಮೂವತ್ತೊಂದು ವರ್ಷ ದೇವರಾಜು ಕೆ.ಆರ್.ಪೇಟೆಯಿಂದ ಮೈಸೂರಿಗೆ ಬಸ್ಸು ಓಡಿಸಿದ. ಖಾಸಗಿ ಬಸ್ಸು, ಹಸಿರು ಬಣ್ಣದ್ದು. ಅಷ್ಟು ವರ್ಷದಲ್ಲಿ ಮೂರು ಸಲ ಗಾಡಿ ಬದಲಾಯಿತೇ ಹೊರತು ಬಣ್ಣ ಬದಲಾಗಲಿಲ್ಲ, ಮಾಲೀಕರು ಬದಲಾಗಲಿಲ್ಲ, ಡ್ರೈವರೂ ಬದಲಾಗಲಿಲ್ಲ. ಬೂಕನಕೆರೆ, ಚಿನಕುರಳಿ, ಪಾಂಡವಪುರ, ಕಿರಂಗೂರು, ಶ್ರೀರಂಗಪಟ್ಟಣ, ಆಮೇಲೆ ಮೈಸೂರು. ದಿನಕ್ಕೆ ಎರಡು ಸಲ ಹೋಗುವುದು, ಎರಡು ಸಲ ಬರುವುದು. ಶ್ರೀರಂಗಪಟ್ಟಣದಲ್ಲಿ ಮೂರು ನಿಮಿಷದ ನಿಲುಗಡೆ. ಆ ಮೂರು ನಿಮಿಷದಲ್ಲಿ ಒಂದು ಲೋಟ ಕಾಫಿ ಕುಡಿಯಬಹುದಿತ್ತು, ಕೋಟೆ ನೋಡುವಷ್ಟು ಪುರಸೊತ್ತು ಇರುತ್ತಿರಲಿಲ್ಲ.

ಅರವತ್ತೆರಡಕ್ಕೆ ಎಡಗಣ್ಣಿಗೆ ಪೊರೆ ಬಂತು. ಆಪರೇಷನ್ ಆಗಿ ಕಣ್ಣು ತಿಳಿಯಾಗುವಷ್ಟರಲ್ಲಿ ಮಾಲೀಕರು ಬಸ್ಸನ್ನೂ ರೂಟನ್ನೂ ಬೇರೆಯವರಿಗೆ ಮಾರಿ ಕೈತೊಳೆದುಕೊಂಡಿದ್ದರು. ದೇವರಾಜು ಬೂಕನಕೆರೆಯ ಮನೆಯಲ್ಲಿ ಉಳಿದ. ಹಸುಗಳನ್ನು ಮಗ ರವೀಂದ್ರ ನೋಡಿಕೊಳ್ಳುತ್ತಿದ್ದ, ಗದ್ದೆಯನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಇವನು ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದರೆ ಆಮೇಲೆ ಮಾಡಲು ಕೆಲಸವಿರಲಿಲ್ಲ.

ಒಂದು ಸಂಜೆ ಸೊಸೆ ಶ್ವೇತ ಅವರೆಕಾಯಿ ಬಿಡಿಸುತ್ತಾ ಕೇಳಿದಳು, "ಮಾವ, ಶ್ರೀರಂಗಪಟ್ಟಣದ ಗುಂಬಜ್ ಒಳಗೆ ಗೋಡೆಗೆಲ್ಲ ಹುಲಿ ಮೈನಂಗೆ ಪಟ್ಟೆ ಬರ್ದವ್ರಂತಲ್ಲ, ನೋಡಿದ್ದೀರಾ?"

"ನೋಡಿವ್ನಿ," ಎಂದ ದೇವರಾಜು.

ಅಡುಗೆಮನೆಯಿಂದ ಹೆಂಡತಿ ಪುಟ್ಟತಾಯಮ್ಮ ತಲೆ ಹೊರಗೆ ಹಾಕಿದಳು. "ಎಲ್ಲಿ ನೋಡಿದ್ರಿ? ಬಸ್‌ಸ್ಟ್ಯಾಂಡ್ ಕಾಫಿ ಅಂಗ್ಡಿ ಬುಟ್ರೆ ಆ ಊರಲ್ಲಿ ಇನ್ನೇನು ನೋಡಿದ್ದೀರಿ? ನಾನು ಹೆಂಗಸ್ರ ಸಂಘದೋರ ಜೊತೆ ನಾಲ್ಕು ಸಲ ನೋಡ್ಕ ಬಂದಿವ್ನಿ. ನೀವು ಒಂದು ದಿನಾನೂ ಇಳಿದಿಲ್ಲ."

ಸೊಸೆ ನಗು ತಡೆದುಕೊಂಡು ಅವರೆಕಾಯಿಯ ಕಡೆ ನೋಡಿದಳು. ದೇವರಾಜುವಿಗೆ ನಾಚಿಕೆಯಾಯಿತು. ರಾತ್ರಿ ಊಟಕ್ಕೆ ಕೂತಾಗ, ನಾಳೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುತ್ತೇನೆ, ಒಬ್ಬನೇ ಹೋಗುತ್ತೇನೆ ಎಂದು ಹೇಳಿದ.

"ಬಸ್ಸಲ್ಲೋ?" ಎಂದು ಕೇಳಿದ ರವೀಂದ್ರ.

"ರೈಲಲ್ಲಿ. ನನ್ನ ಪಾಂಡುಪುರ ಸ್ಟೇಷನ್ನಿಗೆ ಬುಟ್ಬುಡು."

ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂರುವುದು ಅವನಿಗೆ ಆಗದ ಮಾತು. ಪ್ರತಿ ತಿರುವಿನಲ್ಲೂ ಬಲಗಾಲು ತಾನೇ ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಡ್ರೈವರು ಗೇರು ಬದಲಿಸಿದ ರೀತಿ ಸರಿಯಿಲ್ಲವೆಂದು ಬಾಯಿ ತಡೆಯದೆ ಹೇಳಿಬಿಡುತ್ತಿದ್ದ. ರೈಲಾದರೆ ಆ ತಾಪತ್ರಯವಿಲ್ಲ.

ಮಾರನೆಯ ದಿನ ಎಂಟೂವರೆಗೆ ರವೀಂದ್ರ ಬೈಕಿನಲ್ಲಿ ತಂದು ಬಿಟ್ಟು ಹೋದ. ದೇವರಾಜು ಟಿಕೆಟ್ ತೆಗೆದುಕೊಂಡು ಪ್ಲಾಟ್‌ಫಾರಮ್ಮಿಗೆ ಬಂದರೆ, ಮೈಸೂರಿನ ಪ್ಯಾಸೆಂಜರ್ ನಲವತ್ತು ನಿಮಿಷ ತಡವೆಂದು ಮೈಕಿನಲ್ಲಿ ಕೂಗುತ್ತಿದ್ದರು. ಬೇವಿನ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಅರವತ್ತರ ಆಸುಪಾಸು, ತೆಳ್ಳನೆ ಆಳು, ಇಸ್ತ್ರಿ ಮಾಡಿದ ನೀಲಿ ಸೀರೆ, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಅವನು ಬೆಂಚಿನ ಇನ್ನೊಂದು ತುದಿಗೆ ಕೂತ.

"ಎಲ್ಲಿಗವ್ವ ಒಂಟಿದ್ದೀಯ?"

"ಪಟ್ಟಣಕ್ಕೆ ಕಣಣ್ಣ. ಪಶ್ಚಿಮವಾಹಿನಿಗೆ. ನಮ್ಮನೆಯೋರ ವರ್ಷದ ದಿನ ಇವತ್ತು." ಸಿಂಧಘಟ್ಟದವಳು, ಹೆಸರು ಕುಳ್ಳಮ್ಮ. ಹದಿನಾಲ್ಕು ವರ್ಷದಿಂದ ಇದೇ ದಿನ ಒಬ್ಬಳೇ ರೈಲಿನಲ್ಲಿ ಬರುತ್ತಾಳಂತೆ. ಪೂಜೆ ಪುರೋಹಿತರ ಲೆಕ್ಕವೇನಿಲ್ಲ. ಅಲ್ಲಿ ಕಾವೇರಿಗೆ ಇಳಿದು ಹೂ ಬಿಟ್ಟು, ಮೆಟ್ಟಿಲ ಮೇಲೆ ಕೂತು ಬುತ್ತಿ ಉಂಡು, ಸಂಜೆ ರೈಲಿಗೆ ವಾಪಸ್ಸು.

"ಸಿಂದಘಟ್ಟದಿಂದ ಸುತ್ತಾಕ್ಕೊಂಡು ಇಲ್ಲಿಗೆ ಬಂದು ರೈಲಿಗೆ ಕಾಯೋದ್ಯಾಕೆ? ಪೇಟೇಲಿ ಬಸ್ಸು ಅತ್ತಿದ್ರೆ ಸೀದಾ ಅಲ್ಲೇ ಇಳೀಬೋದಿತ್ತಲ್ಲ," ಎಂದ ದೇವರಾಜು. ಬಸ್ಸಿನ ಮಾತು ಬಂದರೆ ಅವನು ಸುಮ್ಮನಿರುವವನಲ್ಲ. "ನಾನೇ ಮೂವತ್ತೊಂದು ವರ್ಷ ಓಡ್ಸಿವ್ನಿ ಆ ರೂಟಲ್ಲಿ. ಹಸ್ರು ಗಾಡಿ."

ಕುಳ್ಳಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಬೆಳಿಗ್ಗೆ ಏಳೂಮುಕ್ಕಾಲಿಗೆ ಪೇಟೆ ಬುಡ್ತಿತ್ತಲ್ಲ, ಅದಾ?"

"ಅದೇಯ."

"ಆ ಗಾಡಿ ನಾನು ಒಂದೇ ಸಲ ಅತ್ತಿದ್ದು," ಎಂದಳು. ಆಮೇಲೆ ಹಳಿಯ ಕಡೆ ತಿರುಗಿ, ಊರಿನ ಯಾವುದೋ ಸುದ್ದಿ ಹೇಳುವಂತೆ ಹೇಳಿದಳು. "ನಮ್ಮನೆಯೋರು ಓಗಿ ಮೂರನೇ ದಿನ. ಬರ್ತೀನಿ ಅಂದಿದ್ದ ಮೈದುನ ಬರ್ನಿಲ್ಲ. ಮಗಳು ಇನ್ನೂ ಸಣ್ಣೋಳು, ಮನೇಲಿ ಬುಟ್ಟಿದ್ದೆ. ಅಸ್ತಿ ಕುಡಿಕೆಗೆ ಕೆಂಪು ಬಟ್ಟೆ ಕಟ್ಕಂಡು ನಾನೇ ಬಸ್ಸತ್ತಿದೆ. ಪಾಂಡುಪುರ ದಾಟೋಗಂಟ ಯಾರೂ ಏನೂ ಅನ್ನಿಲ್ಲ. ಆಮೇಲೆ ಮುಂದ್ಗಡೆ ಸೀಟಿನೋರು ಯಾರೋ ನೋಡ್ಬುಟ್ಟು ಅದೇನು ಅಂದ್ರು. ಸುಳ್ಳು ಯೋಳಕ್ಕೆ ಬಾಯಿ ಬರ್ನಿಲ್ಲ. ಗಲಾಟೆ ಆಯ್ತು. ಡ್ರೈವರು ಕಿರಂಗೂರು ಸರ್ಕಲ್ಲಲ್ಲಿ ಗಾಡಿ ನಿಲ್ಸಿ, ಇಳಿ ಅಂದ. ಇಳ್ಕಂಡೆ."

ಕುಳ್ಳಮ್ಮ ತೊಡೆಯ ಮೇಲಿನ ಚೀಲವನ್ನು ಸರಿಮಾಡಿಕೊಂಡಳು.

"ಅಲ್ಲಿಂದ ನಡೆದೆ. ಕುಡಿಕೆ ನೆಲಕ್ಕಿಡಬಾರದು ಅಂದಿದ್ರು ದೊಡ್ಡೋರು, ಅದ್ಕೆ ಎಲ್ಲೂ ಕೂರ್ನಿಲ್ಲ. ಆವತ್ತಿಂದ ಪಟ್ಟಣಕ್ಕೆ ಬಸ್ಸಲ್ಲಿ ಬಂದಿಲ್ಲ ಕಣಣ್ಣ. ರೈಲಲ್ಲಿ ಯಾರೂ ಕೇಳಕ್ಕಿಲ್ಲ."

ದೇವರಾಜು ಆ ದಿನವನ್ನು ನೆನೆಯಲು ನೋಡಿದ. ಆದರೆ ನೆನಪು ಅಂತ ಯಾವುದೂ ಬರಲಿಲ್ಲ. ಹದಿನಾಲ್ಕು ವರ್ಷದ ಹಿಂದಿನ ಒಂದು ಬೆಳಗು, ಹತ್ತಿದವರು ಎಷ್ಟು ಸಾವಿರವೋ, ಇಳಿದವರು ಎಷ್ಟು ಸಾವಿರವೋ. ಬಾಯಿ ಮಾತ್ರ ತಾನಾಗಿ ಆಡಿತು. "ಗುರುವಾರ ನಂಗೆ ರಜಾ ಇರೋದು ಕಣವ್ವ. ಚೌಡಯ್ಯ ಅಂತ ಒಬ್ಬ ಓಡುಸ್ತಿದ್ದ. ಒಸಿ ಮುಂಗೋಪಿ. ಆವತ್ತು ಗುರುವಾರ ಇರ್ಬೇಕು, ಅವನೇ ಓಡ್ಸಿರೋದು. ಈಗಿಲ್ಲ ಅವನು, ತೀರ್ಕಂಡ."

"ಇರ್ಬೋದು," ಎಂದಳು ಕುಳ್ಳಮ್ಮ.

ರೈಲು ಬಂತು. ಅವಳು ಹೆಂಗಸರು ಕೂತಿದ್ದ ಕಡೆ ಹೋಗಿ ಕೂತಳು. ಇವನು ಬಾಗಿಲ ಪಕ್ಕದ ಕಿಟಕಿಗೆ ಕೂತ. ಗೇಟು ಬಿದ್ದಾಗಲೆಲ್ಲ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡು ಇದೇ ರೈಲನ್ನು ಅವನು ಎಷ್ಟು ಸಲ ಬೈದಿದ್ದನೋ. ಈಗ ಅದರೊಳಗೆ ಕೂತು ನೋಡಿದರೆ, ಗೇಟಿನ ಆಚೆ ನಿಂತ ಬಸ್ಸು ಟ್ರಾಕ್ಟರುಗಳು ಪುಟ್ಟದಾಗಿ ಕಂಡವು. ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ನಾಲೆ, ಮತ್ತೆ ಕಬ್ಬು. ಸೇತುವೆಯ ಮೇಲೆ ರೈಲು ನಿಧಾನವಾಯಿತು. ಕಾವೇರಿ ಬಂಡೆಗಳ ನಡುವೆ ಹರಡಿಕೊಂಡು ಹರಿಯುತ್ತಿತ್ತು. ಬಂಡೆಗಳ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಇದೇ ನದಿಯನ್ನು ದಿನಕ್ಕೆ ನಾಲ್ಕು ಸಲ ದಾಟಿದ್ದರೂ ಮುಂದಿನ ಲಾರಿಯ ಹಿಂಭಾಗ ಬಿಟ್ಟರೆ ಬೇರೇನನ್ನೂ ನೋಡಿರಲಿಲ್ಲವಲ್ಲ ಎಂದು ಅವನಿಗೆ ಅನಿಸಿತು.

ಶ್ರೀರಂಗಪಟ್ಟಣದಲ್ಲಿ ಇಳಿದಾಗ ಕುಳ್ಳಮ್ಮನ ನೀಲಿ ಸೀರೆ ಜನರ ನಡುವೆ ಹೋಗಿ ಮರೆಯಾಯಿತು. ದೇವರಾಜುವಿಗೆ ಹಗುರವೆನಿಸಿತು. ಸದ್ಯ, ದಿನ ತನ್ನದಾಯಿತು ಎಂದುಕೊಂಡ.

ಸ್ಟೇಷನ್ನಿನ ಬಳಿಯೇ ಟಿಪ್ಪುವಿನ ಕಾಲದ ಸಿಡಿಮದ್ದಿನ ಮನೆಯಿತ್ತು. ಜೋಡಿ ಹಳಿ ಹಾಕುವಾಗ ಇಡೀ ಕಟ್ಟಡವನ್ನೇ ಎತ್ತಿ ಆಚೆಗೆ ಸರಿಸಿದ್ದಾರೆಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುವುದನ್ನು ಕೇಳಿದ್ದ, ನಂಬಿರಲಿಲ್ಲ. ಈಗ ಸುತ್ತು ಹಾಕಿ ನೋಡಿದ. ಎಲ್ಲೂ ಬಿರುಕು ಕಾಣಲಿಲ್ಲ. ಅಲ್ಲಿಂದ ದೇವಸ್ಥಾನದ ಕಡೆ ನಡೆದ. ರಂಗನಾಥನ ಮುಂದೆ ಜನ ಕಡಿಮೆಯಿದ್ದರು. ಮಲಗಿದ ದೇವರನ್ನು ತಲೆಯಿಂದ ಪಾದದವರೆಗೆ ನಿಧಾನವಾಗಿ ನೋಡಲು ಬಿಟ್ಟರು. ತೀರ್ಥ ತೆಗೆದುಕೊಂಡು ಹೊರಬಂದು, ಕೋಟೆಗೋಡೆಯ ಪಕ್ಕದ ದಾರಿ ಹಿಡಿದ. ಮೂವತ್ತೊಂದು ವರ್ಷ ದಾರಿ ಗೊತ್ತಿದ್ದವನಿಗೆ ಎರಡು ಕಡೆ ದಾರಿ ತಪ್ಪಿತು. ಕೇಳಲು ಮನಸ್ಸಾಗದೆ ಸುತ್ತಿ ಬಳಸಿ ಕೊನೆಗೆ ಹಳೆಯ ಸೆರೆಮನೆಯ ಮುಂದೆ ಬಂದು ನಿಂತ.

ನೆಲದ ಮಟ್ಟದಿಂದ ಕೆಳಗೆ, ಇಟ್ಟಿಗೆಯ ಕಮಾನುಗಳು. ಮೆಟ್ಟಿಲಿಳಿದು ಒಳಗೆ ಹೋದರೆ ಗೋಡೆಯುದ್ದಕ್ಕೂ ಕಲ್ಲಿನ ಚಪ್ಪಡಿಗಳು ಚಾಚಿಕೊಂಡಿದ್ದವು, ಅವುಗಳಿಗೆ ತೂತು. ಹಿಂದೆ ಇಂಗ್ಲಿಷರ ಸೈನಿಕರನ್ನು ಈ ಚಪ್ಪಡಿಗಳಿಗೆ ಕೈ ಬಿಗಿದು ನಿಲ್ಲಿಸುತ್ತಿದ್ದರೆಂದು ಕಾವಲಿನವನು ಹೇಳಿದ. ನಡುವೆ ಒಂದು ಫಿರಂಗಿ ಬಿದ್ದಿತ್ತು. ಒಳಗೆ ತಂಪಾಗಿತ್ತು, ಬಾಗಿಲಿನಿಂದ ಬಂದ ಬೆಳಕು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಯಾರೋ ಗಂಡ ಹೆಂಡತಿ ಬಂದವರು ಆ ಚಪ್ಪಡಿಯ ಪಕ್ಕ ಕೈಯೆತ್ತಿ ನಿಂತು ಫೋಟೊ ತೆಗೆಸಿಕೊಂಡು ಹೋದರು.

"ಕೂರಕ್ಕೆ ಆಯ್ತಿರ್ನಿಲ್ವಾ ಅವರ್ಗೆ?" ಎಂದು ಕೇಳಿದ ದೇವರಾಜು.

"ಎಲ್ಲಿ ಕೂರೋದು ಸಾರ್, ಕೈ ಕಟ್ಟಿದ್ಮೇಲೆ? ನಿಂತೇ ಇರ್ಬೇಕಾಗಿತ್ತು."

ಆ ಮಾತು ಕೇಳಿದ ಕೂಡಲೇ ಕುಳ್ಳಮ್ಮ ಹೇಳಿದ್ದು ಕಿವಿಗೆ ಬಂತು, ಎಲ್ಲೂ ಕೂರ್ನಿಲ್ಲ ಎಂದದ್ದು. ಅದರ ಬೆನ್ನಿಗೆ ಇನ್ನೊಂದು ಬಂತು. ಬಸ್ಸಿನ ಎಡಗಡೆಯ ಕನ್ನಡಿ. ಕನ್ನಡಿಯಲ್ಲಿ ಕಿರಂಗೂರು ಸರ್ಕಲ್ಲು. ರಸ್ತೆಯ ಅಂಚಿನಲ್ಲಿ ಒಬ್ಬ ಹೆಂಗಸು, ಎದೆಗೆ ಅವುಚಿ ಹಿಡಿದ ಕೆಂಪು ಬಟ್ಟೆಯ ಗಂಟು. ಬಸ್ಸು ಹೊರಟ ಮೇಲೂ ಅವಳು ಗಂಟನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಳ್ಳಲಿಲ್ಲ, ಹಾಗೇ ನಿಂತಿದ್ದಳು. ಗಾಳಿಗೆ ಸೆರಗು ಹಾರುತ್ತಿತ್ತು. ಯಾಕೆ ಕೆಳಗಿಡುತ್ತಿಲ್ಲ ಎಂದು ತಾನು ಅಂದುಕೊಂಡದ್ದೂ ನೆನಪಾಯಿತು.

ಆವತ್ತು ಗುರುವಾರವಾಗಿರಲಿಲ್ಲ. ಬಸ್ಸಿನಲ್ಲಿ ಮೈಸೂರಿನ ಛತ್ರಕ್ಕೆ ಹೊರಟ ಮದುವೆಯವರಿದ್ದರು, ಮುಂದಿನ ನಾಲ್ಕು ಸೀಟುಗಳ ತುಂಬ. ಗಂಡಿನ ಸೋದರಮಾವ ಎದ್ದು ಬಂದು, ನೀನು ಯಾವ ಕೇರಿಯವಳು ಎಂದು ಕೇಳಿ, ಶುಭಕಾರ್ಯಕ್ಕೆ ಹೊರಟ ಗಾಡಿಯಲ್ಲಿ ಇದೆಂಥದ್ದು ಎಂದು ಕೂಗಾಡಿದ್ದ. ಕಂಡಕ್ಟರು, ಪಟ್ಟಣ ಇನ್ನು ಹತ್ತು ನಿಮಿಷದ ದಾರಿ, ಹೋಗಲಿ ಬಿಡಿ ಅಂದಿದ್ದ. ಚೌಡಯ್ಯ ಆ ದಿನ ಗಾಡಿಯಲ್ಲೇ ಇರಲಿಲ್ಲ. ನಿಲ್ಲಿಸಿದ್ದು ತಾನು. ಇಳಿ ಎಂದದ್ದು ತಾನು. ತಿರುಗಿ ಕೂಡ ನೋಡದೆ, ತಲೆ ಮೇಲಿನ ಕನ್ನಡಿಯಲ್ಲಿ ನೋಡಿ ಹೇಳಿದ್ದ.

ದೇವರಾಜು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಬಿಸಿಲು ಏರಿತ್ತು. ಅಲ್ಲಿಂದ ನಾಲ್ಕು ಹೆಜ್ಜೆಯಾಚೆ ಸುಲ್ತಾನ ಬಿದ್ದ ಜಾಗ, ಅದಾದ ಮೇಲೆ ಬೇಸಿಗೆ ಅರಮನೆ, ಗುಂಬಜ್. ಬೆಳಿಗ್ಗೆ ಮನಸ್ಸಿನಲ್ಲೇ ಒಂದೊಂದಕ್ಕೂ ಹೊತ್ತು ಗೊತ್ತುಮಾಡಿಕೊಂಡಿದ್ದ. ಈಗ ಯಾವುದೂ ಬೇಡವೆನಿಸಿತು. ಅವಳಿಗೆ ಮುಖ ಗುರುತು ಸಿಕ್ಕಿರಲಿಕ್ಕಿಲ್ಲ, ಈ ಜನ್ಮದಲ್ಲಿ ಮತ್ತೆ ಎದುರಾಗಲಿಕ್ಕೂ ಇಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಸತ್ತ ಚೌಡಯ್ಯನ ತಲೆಗೆ ಕಟ್ಟಿಬಿಟ್ಟೆನಲ್ಲ. ಕಾಯಿಲೆ ಬಿದ್ದಾಗ ತನ್ನ ಪಾಳಿಯನ್ನು ಎಷ್ಟೋ ಸಲ ಓಡಿಸಿಕೊಟ್ಟಿದ್ದ ಮನುಷ್ಯ ಅವನು, ಪಾಪ. ಮುಂಗೋಪಿಯೂ ಆಗಿರಲಿಲ್ಲ.

ಕಾವಲಿನವನು ಬಂದು, "ನೀರು ಬೇಕಾ ಸಾರ್?" ಎಂದ.

"ಪಶ್ಚಿಮವಾಹಿನಿಗೆ ದಾರಿ ಯಾವ್ದಪ್ಪ?" ಎಂದು ಕೇಳಿದ ದೇವರಾಜು. ಯಾರನ್ನಾದರೂ ದಾರಿ ಕೇಳಿ ಅವನಿಗೆ ಬಹಳ ವರ್ಷವಾಗಿತ್ತು.

ಆಟೋ ಕರೆಯಬಹುದಿತ್ತು. ಕರೆಯಲಿಲ್ಲ, ನಡೆದ. ಊರಿನೊಳಗಿನ ಬೀದಿ ಮುಗಿದು ದೊಡ್ಡ ರಸ್ತೆ ಸಿಕ್ಕಿ, ಅದರ ಅಂಚಿನಲ್ಲೇ ಮುಕ್ಕಾಲು ಗಂಟೆ. ಬಸ್ಸುಗಳು ಪಕ್ಕದಲ್ಲೇ ಗಾಳಿ ಎಬ್ಬಿಸಿಕೊಂಡು ಹೋದವು. ಚಪ್ಪಲಿ ಹೆಬ್ಬೆರಳಿನ ಹತ್ತಿರ ಉಜ್ಜತೊಡಗಿತು. ಕಿರಂಗೂರಿನಿಂದಾದರೆ ಇದರ ಎರಡರಷ್ಟಕ್ಕಿಂತ ಹೆಚ್ಚು ದೂರ, ಅದೂ ಕೈಯಲ್ಲಿ ಭಾರ ಹಿಡಿದು.

ನದಿಯ ದಂಡೆಯಲ್ಲಿ ಹಳೆಯ ಮಂಟಪಗಳು. ಅಲ್ಲಲ್ಲಿ ತಲೆ ಬೋಳಿಸಿಕೊಂಡು ಕೂತವರು, ಪಿಂಡ ಇಡಿಸುತ್ತಿದ್ದ ಪುರೋಹಿತರು, ಒದ್ದೆ ಬಟ್ಟೆ ಹಿಂಡುತ್ತಿದ್ದ ಹೆಂಗಸರು. ಕುಳ್ಳಮ್ಮ ಇವರೆಲ್ಲರಿಂದ ದೂರ, ಕೆಳಗಿನ ಮೆಟ್ಟಿಲ ಮೇಲೆ ಒಬ್ಬಳೇ ನಿಂತಿದ್ದಳು. ಜನ ಕಡಿಮೆಯಾಗಲೆಂದು ಕಾಯುತ್ತಿದ್ದಳೇನೋ, ಇನ್ನೂ ನೀರಿಗೆ ಇಳಿದಿರಲಿಲ್ಲ. ಅವನು ಹತ್ತಿರ ಹೋಗಿ, ಮೇಲಿನ ಮೆಟ್ಟಿಲಲ್ಲಿ ನಿಂತರೆ ಸರಿಯಲ್ಲವೆನಿಸಿ, ಅವಳ ಮೆಟ್ಟಿಲಿಗೆ ಇಳಿದ.

"ಬೆಳಿಗ್ಗೆ ನಾನು ಸುಳ್ಳು ಯೋಳ್ದೆ," ಎಂದ. "ಆವತ್ತು ಚೌಡಯ್ಯ ಅಲ್ಲ. ನಾನೇಯ."

ಕುಳ್ಳಮ್ಮ ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಸಿಟ್ಟೂ ಕಾಣಲಿಲ್ಲ. ಅವಳು ನೀರಿನ ಕಡೆ ನೋಡಿ ಮತ್ತೆ ಅವನ ಕಡೆ ನೋಡಿದಳು.

"ಯಾಕೆ ಇಳಿಸಿದ್ರಿ?"

"ಮದ್ವೆ ದಿಬ್ಬಣ ಇತ್ತು. ಗಲಾಟೆ ಮಾಡುದ್ರು."

"ಅದು ನಂಗೂ ಗೊತ್ತು. ಅಲ್ಲೇ ಇದ್ನಲ್ಲ. ನೀವು ಯಾಕೆ ಇಳಿಸಿದ್ರಿ ಅಂತ ಕೇಳಿದೆ."

ಹೊತ್ತಾಗಿತ್ತು ಎಂದು ದೇವರಾಜು ಅನ್ನಬಹುದಿತ್ತು, ಮಾಲೀಕರು ಬೈಯುತ್ತಿದ್ದರು ಅನ್ನಬಹುದಿತ್ತು. ಎರಡೂ ನಿಜವೇ ಆಗಿದ್ದವು. ಎರಡೂ ಅವಳು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ.

ಕುಳ್ಳಮ್ಮನೇ ಮುಂದುವರಿಸಿದಳು. "ನಿಮ್ಮೂರಿನ ಗೌಡ್ರ ಮನೆಯೋರು ಯಾರಾದ್ರೂ ಆ ಕುಡಿಕೆ ಇಡ್ಕಂಡು ಕುಂತಿದ್ರೆ? ಅವ್ರನ್ನೂ ಇಳಿಸ್ತಿದ್ರಾ?"

ಮೆಟ್ಟಿಲಿಗೆ ನೀರು ಸಣ್ಣಗೆ ಬಡಿಯುತ್ತಿತ್ತು. ಅವನು ಯೋಚಿಸಿದ. ಉತ್ತರ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಹೇಳಲು ಬೇಕಾಯಿತು.

"ಇಲ್ಲ," ಎಂದ. "ಇಳಿಸ್ತಿರ್ನಿಲ್ಲ. ಮದ್ವೆಯೋರಿಗೇ ಸಮಾಧಾನ ಯೋಳ್ತಿದ್ದೆ."

ಕುಳ್ಳಮ್ಮ ತಲೆಯಾಡಿಸಿದಳು. ಬಹಳ ದಿನದಿಂದ ಗೊತ್ತಿದ್ದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿದವರಂತೆ. ಅವನು ಕೈಮುಗಿಯಲು ಹೋದ. ಅವಳು ಅದನ್ನು ನೋಡಿಯೂ ನೋಡದಂತೆ ತನ್ನ ಬಟ್ಟೆಯ ಚೀಲವನ್ನು ಅವನ ಕೈಗೆ ಕೊಟ್ಟಳು.

"ಇಡ್ಕಳಿ ಇದ. ನೀರಿಗಿಳಿದು ಬತ್ತೀನಿ. ಕೆಳಗಿಟ್ರೆ ಮಂಗ ಬತ್ತವೆ."

ಅವಳು ಸೀರೆ ಎತ್ತಿ ಕಟ್ಟಿಕೊಂಡು ಮೊಣಕಾಲಿನವರೆಗೆ ಇಳಿದಳು. ಎಲೆಯಲ್ಲಿ ಸುತ್ತಿ ತಂದಿದ್ದ ಸೇವಂತಿಗೆಯನ್ನು ಒಂದೊಂದಾಗಿ ನೀರಿಗೆ ಬಿಟ್ಟಳು. ಹೂಗಳು ಮೊದಲು ಅವಳ ಕಾಲಿನ ಸುತ್ತಲೇ ತಿರುಗಿ, ಆಮೇಲೆ ಸೆಳವು ಸಿಕ್ಕಿ ಸಾಲಾಗಿ ಹೋದವು. ಅವಳು ಏನನ್ನೋ ಹೇಳಿಕೊಳ್ಳುತ್ತಿದ್ದಳು, ಅವನಿಗೆ ಕೇಳಿಸಲಿಲ್ಲ. ದೇವರಾಜು ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಿಂತಿದ್ದ. ಕೊಂಚ ಹೊತ್ತಾದ ಮೇಲೆ ತೋಳು ನೋಯಿತು.

ಮೇಲೆ ಬಂದವಳು ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದಳು. ಹುಣಿಸೆ ಚಿತ್ರಾನ್ನ. ಮುಚ್ಚಳದಲ್ಲಿ ಅರ್ಧ ಹಾಕಿ ಅವನ ಮುಂದೆ ಸರಿಸಿ, ಇವನು ತಿನ್ನುತ್ತಾನೋ ಇಲ್ಲವೋ ಎಂದು ನೋಡಿದಳು. ಅವನು ಕೈ ತೊಳೆದು ಬಂದು ಕೂತು ತಿಂದ. ಉಪ್ಪು ತುಸು ಮುಂದಾಗಿತ್ತು, ಹಸಿವಿಗೆ ಚೆನ್ನಾಗಿಯೇ ಇತ್ತು.

"ಅವರ ಎಸ್ರೇನು?" ಎಂದು ಕೇಳಿದ.

"ಚಿಕ್ಕಮಾದಯ್ಯ. ನೀರುಗಂಟಿ ಕೆಲಸ. ನಮ್ಮೂರ ಕೆರೆ ತೂಬು ಎತ್ತೋದು, ಗದ್ದೆಗದ್ದೆಗೆ ನೀರು ಬುಡೋದು ಎಲ್ಲ ಅವರ್ದೇ." ಅವಳ ದನಿಗೆ ಮೊದಲ ಸಲ ಸ್ವಲ್ಪ ಬಣ್ಣ ಬಂತು. "ನೀರು ಕಂಡ್ರೆ ಆಸೆ ಅವರ್ಗೆ. ಬೇಸ್ಗೇಲಿ ಕೆರೆ ಒಣಗಿದ್ರೆ ಮನೇಲಿ ಯಾರ್ ಜೊತೇಲೂ ಮಾತಾಡ್ತಿರ್ನಿಲ್ಲ. ನಾಲೆ ನೀರು ಬಂದ ದಿನ ಹೊತ್ತಾರೇನೆ ಎದ್ದು, ಬಾ ಕುಳ್ಳಿ, ನೀರು ಬಂದೈತೆ ನೋಡುವಂತೆ ಅಂತ ನನ್ನೂ ಎಬ್ಬುಸ್ಕೊಂಡು ಓಗೋರು. ಗೌಡ್ರು ಒಬ್ರು ನಮ್ ಗದ್ದೆಗೆ ಮೊದ್ಲು ಬುಡು ಅಂದ್ರೆ, ಸರದಿ ಬರ್ಲಿ ಅನ್ನೋರು. ಅದ್ಕೆ ಏಟೂ ತಿಂದಿದ್ರು ಒಂದ್ಸಲ. ಆದ್ರೂ ಸರದಿ ಬುಡ್ನಿಲ್ಲ."

ದೇವರಾಜು ಕೇಳುತ್ತಾ ಕೂತ. ಮೂವತ್ತೊಂದು ವರ್ಷ ಅವನ ಬೆನ್ನ ಹಿಂದೆ ಜನ ಇಂಥವನ್ನೇ ಮಾತಾಡಿಕೊಂಡು ಬಂದಿರಬೇಕು. ಇಂಜಿನ್ನಿನ ಸದ್ದಿಗೆ ಒಂದೂ ಕೇಳಿಸಿರಲಿಲ್ಲ. ಅವನು ಇನ್ನೂ ಕೇಳಿದ. ಕೆರೆ ಎಷ್ಟು ದೊಡ್ಡದು, ತೂಬು ಎಷ್ಟು, ಈಗ ಆ ಕೆಲಸ ಯಾರು ಮಾಡುತ್ತಾರೆ. ಅವಳು ಒಂದೊಂದಕ್ಕೂ ಬಿಡಿಸಿ ಹೇಳಿದಳು.

ಸಂಜೆಯ ರೈಲಿಗೆ ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ಬಂದರು. ದಾರಿಯಲ್ಲಿ ಅವಳು, "ಕುಂಟ್ತಾ ಇದ್ದೀರಲ್ಲ," ಎಂದಳು. "ಚಪ್ಪಲಿ ಕಚ್ತಾ ಐತೆ," ಎಂದ. ಅವಳು ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದಳು. ರೈಲಿನಲ್ಲಿ ಸೀಟು ಎದುರುಬದುರಾಗಿ ಸಿಕ್ಕಿತು. ಸೇತುವೆಯ ಮೇಲೆ ಬಂದಾಗ ಕುಳ್ಳಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಬಿಸಿಲು ಇಳಿದಿತ್ತು, ನೀರಿಗೆ ಸಂಜೆಯ ಬಣ್ಣ ಬಂದಿತ್ತು.

ಪಾಂಡವಪುರ ಸ್ಟೇಷನ್ನಿನ ಹೊರಗೆ ಸ್ಕೂಟರಿನ ಮೇಲೆ ಒಬ್ಬ ಹುಡುಗಿ ಕಾಯುತ್ತಿದ್ದಳು. ಕುಳ್ಳಮ್ಮನ ಮಗಳು ಸ್ನೇಹ. ನಾಗಮಂಗಲದ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಾಳೆಂದು ರೈಲಿನಲ್ಲಿ ಹೇಳಿದ್ದಳು. ಸ್ನೇಹ ತಾಯಿಯ ಚೀಲವನ್ನು ತೆಗೆದುಕೊಂಡು, ಪಕ್ಕದಲ್ಲಿ ನಿಂತ ಅಪರಿಚಿತ ಮುದುಕನನ್ನು ನೋಡಿದಳು.

"ಯಾರವ್ವ ಇವ್ರು?"

ದೇವರಾಜು ನೆಲ ನೋಡಿದ. ಕುಳ್ಳಮ್ಮ ಸೀಟಿನ ಮೇಲೆ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಭುಜ ಹಿಡಿದುಕೊಂಡಳು.

"ಬೂಕನಕೆರೆಯೋರು. ಡ್ರೈವರು," ಎಂದಳು. "ಮಿಕ್ಕಿದ್ದು ಮನೆಗೋಗಿ ಯೋಳ್ತೀನಿ, ನಡಿ. ನೀವೂ ಉಷಾರಾಗಿ ಓಗಿ ಅಣ್ಣ."

ಸ್ಕೂಟರು ತಿರುಗಿ ಕೆ.ಆರ್.ಪೇಟೆಯ ರಸ್ತೆಗೆ ಹೊರಟಿತು. ಸ್ನೇಹ ತಿರುಗಿ ತಿರುಗಿ ಏನೋ ಕೇಳುತ್ತಿದ್ದಳು, ಕುಳ್ಳಮ್ಮ ರಸ್ತೆ ನೋಡು ಎಂಬಂತೆ ಮುಂದೆ ಕೈ ತೋರಿಸುತ್ತಿದ್ದಳು. ದೇವರಾಜು ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು, ಚಪ್ಪಲಿ ಬಿಚ್ಚಿ, ಮಗನ ಬೈಕಿಗೆ ಕಾದ.